ಬನದ ಕಲ್ಲಿನ ಈಚೆ ಬಿದ್ದ ಬೀಜ

ದೀಕ್ಷಾ, ಪ್ರಣಮ್,

ನೀವಿಬ್ಬರೂ ಎದುರಿಗಿರುವಾಗ ಹೇಳಬೇಕೆಂದು ಮೂರು ದಿನದಿಂದ ನೋಡುತ್ತಿದ್ದೇನೆ, ಬಾಯಿ ಬರುವುದಿಲ್ಲ. ನಿಮ್ಮ ಅಜ್ಜಿ ಹೀಗೆಯೇ ಎಂದು ನಿಮಗೆ ಗೊತ್ತು. ಅದಕ್ಕೆ ಪ್ರಣಮನ ಹಳೆಯ ನೋಟ್‌ಬುಕ್ಕಿನಲ್ಲಿ ಉಳಿದ ಹಾಳೆಗಳ ಮೇಲೆ ಬರೆಯುತ್ತಿದ್ದೇನೆ. ಏಳನೇ ಕ್ಲಾಸಿನವರೆಗೆ ಕಲಿತ ಕೈ. ತಪ್ಪಿದ್ದಲ್ಲಿ ದೀಕ್ಷಾ ತಿದ್ದಿಕೊಳ್ಳಲಿ.

ಭಾನುವಾರ ಪ್ರಣಮ್ ಫೋನಿನಲ್ಲಿ ತೋಟದ ಫೋಟೊ ತೋರಿಸಿದ. ಜೂನ್ ಒಂದಕ್ಕೆ ದೀಕ್ಷಾ ಕೆಲಸಕ್ಕೆ ಸೇರುವ ಚಿಟ್ಟೆ ತೋಟ. ನಾನು ಹದಿನೆಂಟು ವರ್ಷ ಗಿಡ ಬೆಳೆಸಿದ ತೋಟವೂ ಅದೇ. ಗೇಟಿಗೆ ಹೊಸದಾಗಿ ಕಬ್ಬಿಣದ ಕಮಾನು ಮಾಡಿಸಿದ್ದಾರೆ. ಅದರ ಮೇಲೆ ಒಂದು ಬಳ್ಳಿ ಹತ್ತಿದೆ. "ಅಜ್ಜೀ, ಹೂ ನೋಡಿ, ಅಂಗೈಯಷ್ಟು ದೊಡ್ಡದುಂಟು" ಎಂದ ಪ್ರಣಮ್. ನಾನು ಕನ್ನಡಕ ಹಾಕಿಕೊಂಡು ನೋಡಿದೆ. ಅಂದಿನಿಂದ ಊಟ ಸೇರುತ್ತಿಲ್ಲ.

ಆ ಬಳ್ಳಿಯನ್ನು ನಾನು ಬಲ್ಲೆ. ಒಮ್ಮೆ ಅದನ್ನು ಆ ತೋಟಕ್ಕೆ ತಂದವಳು ನಾನೇ. ಅದರಿಂದ ಏನೇನಾಯಿತು ಎಂದು ನಿಮ್ಮ ಅಪ್ಪನಿಗೂ ಪೂರ್ತಿ ಗೊತ್ತಿಲ್ಲ. ಈಗ ಹೇಳದಿದ್ದರೆ ಅದೇ ಕಥೆ ಮತ್ತೊಮ್ಮೆ ನಡೆಯುತ್ತದೆ ಎಂಬ ಹೆದರಿಕೆಯಲ್ಲಿ ಬರೆಯುತ್ತಿದ್ದೇನೆ.

ಮೊದಲು ಕೆಲಸ ಹೇಗಿತ್ತು ಎಂದು ಹೇಳುತ್ತೇನೆ, ಆಗ ಉಳಿದದ್ದು ಅರ್ಥವಾದೀತು.

ನಾನು ಹುಟ್ಟಿದ್ದು ಬಂಟ್ವಾಳದ ಕಡೆ. ಮದುವೆಯಾಗಿ ಬಂದದ್ದು ಬೆಳ್ತಂಗಡಿಗೂ ಮೂಡುಬಿದಿರೆಗೂ ನಡುವಿನ ಈ ಊರಿಗೆ. ನಿಮ್ಮ ಅಜ್ಜ ತೀರಿಹೋದಾಗ ನಾನು ಬೀಡಿ ಕಟ್ಟುತ್ತಿದ್ದೆ. ಆ ಸಮಯದಲ್ಲಿ ಊರಿನವರು ಸಮಿತಿ ಮಾಡಿ ಪಂಚಾಯತಿನ ಪಾಳುಜಾಗದಲ್ಲಿ ಚಿಟ್ಟೆ ತೋಟ ಎಬ್ಬಿಸಲು ಹೊರಟಿದ್ದರು. ಸಮಿತಿಯ ಕಾರ್ಯದರ್ಶಿ ಒಬ್ಬ ನಿವೃತ್ತ ವಿಜ್ಞಾನ ಮಾಸ್ಟ್ರು. ಎಲ್ಲರೂ ಅವರನ್ನು ಬರೇ ಮಾಸ್ಟ್ರು ಎನ್ನುತ್ತಿದ್ದರು, ನಾನೂ ಹಾಗೆಯೇ ಬರೆಯುತ್ತೇನೆ. ಅವರು ನನ್ನ ಓದು ಕೇಳಲಿಲ್ಲ. ಬೆರಳು ನೋಡಿದರು. "ಬೀಡಿ ಕಟ್ಟಿದ ಬೆರಳು. ಸಸಿ ಕೀಳುವಾಗ ಬೇರು ತುಂಡಾಗುವುದಿಲ್ಲ. ನಾಳೆಯಿಂದ ಬನ್ನಿ ವಾರಿಜಕ್ಕ" ಎಂದರು.

ನನ್ನ ಜೊತೆಗೆ ನೀರು ಬಿಡಲು ಐಸಮ್ಮ ಬರುತ್ತಿದ್ದಳು. ನನಗೆ ಮಾತಿಲ್ಲ, ಅವಳಿಗೆ ಮಾತು ನಿಲ್ಲುವುದಿಲ್ಲ. ಹಾಗಾಗಿ ಇಬ್ಬರಿಗೂ ಸರಿ ಹೋಯಿತು. ಮಾತಾಡುತ್ತಿದ್ದುದೆಲ್ಲ ತುಳುವಿನಲ್ಲಿ. ಇಲ್ಲಿ ನನಗೆ ಬಂದ ಹಾಗೆ ಕನ್ನಡ ಮಾಡಿದ್ದೇನೆ.

ಸೇರಿದ ವಾರವೇ ಒಂದು ದೊಡ್ಡ ತಪ್ಪು ಮಾಡಿದೆ. ಕರಿಬೇವಿನ ಸಾಲಿನಲ್ಲಿ ಹಕ್ಕಿಯ ಹಿಕ್ಕೆಯಂಥ ಹುಳಗಳು ಕುಳಿತಿದ್ದವು. ಹೊಸಬಳು, ಒಳ್ಳೆಯ ಹೆಸರು ಬರಲಿ ಎಂದು ಒಂದೊಂದನ್ನೇ ಹೆಕ್ಕಿ ಕಲ್ಲಿನ ಮೇಲೆ ಅರೆದುಹಾಕಿದೆ. ಮಾಸ್ಟ್ರು ಬಂದಾಗ ತೋರಿಸಿದೆ ಕೂಡಾ.

ಅವರು ಬಗ್ಗಿ ಕಲ್ಲನ್ನು ನೋಡಿದರು. ಮತ್ತೆ ಹೇಳಿದರು: "ವಾರಿಜಕ್ಕ, ಇಲ್ಲಿ ನಾವು ಸಾಕುವುದು ಈ ಹುಳವನ್ನು. ಗಿಡ ಅದರ ಊಟ, ಅಷ್ಟೇ."

ಐಸಮ್ಮ ಪೈಪು ಹಿಡಿದುಕೊಂಡೇ ನಕ್ಕಳು. "ಒಳ್ಳೆದಾಯ್ತು. ಬಂದ ನೆಂಟರನ್ನೆಲ್ಲ ಅರೆದು ಚಟ್ನಿ ಮಾಡಿದ್ದಾರೆ ವಾರಿಜಕ್ಕ."

ನನಗೆ ಭೂಮಿ ಬಾಯಿ ಬಿಡಬಾರದೇ ಎನ್ನಿಸಿತು. ಆದರೆ ಪಾಠ ಕಲಿತೆ. ದೀಕ್ಷಾ, ನೀನು ಪುಸ್ತಕದಲ್ಲಿ ಇದನ್ನೆಲ್ಲ ಓದಿದ್ದೀ. ಆದರೂ ಒಬ್ಬರಲ್ಲ ಒಬ್ಬರು ಬಂದು ನಿನ್ನನ್ನೂ ಕೇಳುತ್ತಾರೆ, "ಎಂತ ಮಾರಾಯ್ತಿ, ಎಲೆಯೆಲ್ಲ ತೂತು, ಮದ್ದು ಬಿಡುವುದಿಲ್ವಾ?" ಎಂದು. ನಾಚಿಕೊಳ್ಳಬೇಡ. ತೂತು ಬಿದ್ದ ಎಲೆಯ ಹಿಂಬದಿಯನ್ನು ತಿರುಗಿಸಿ ತೋರಿಸು.

ಮೊದಲಿನ ಎರಡು ವರ್ಷ ನಮಗೆ ಹೂವಿನದ್ದೇ ಹುಚ್ಚು. ಪೇಟೆಯ ನರ್ಸರಿಯಿಂದ ಬಣ್ಣಬಣ್ಣದ ಗಿಡ ತಂದು ನೆಟ್ಟೆವು. ಚಿಟ್ಟೆ ಬರುತ್ತಿದ್ದವು, ಕುಡಿದು ಹೋಗುತ್ತಿದ್ದವು, ಒಂದೂ ಉಳಿಯುತ್ತಿರಲಿಲ್ಲ. ಮತ್ತೆ ಮಾಸ್ಟ್ರು ಕ್ರಮ ಬದಲಿಸಿದರು. ನಮ್ಮ ಗುಡ್ಡೆಯ ಗಿಡವೇ ಬೇಕು, ತಾಯಿ ಮೊಟ್ಟೆಯಿಡುವ ಗಿಡ ಮೊದಲು, ಹೂವು ಮತ್ತೆ. ಎಕ್ಕ, ದಾಲ್ಚಿನ್ನಿ, ಲಿಂಬೆ, ಕರಿಬೇವು. ಹೂವಿಗೆ ಕೇಪಳ, ಬೆಳ್ಳಟ್ಟಿ. ಬೀಜ ಹೆಕ್ಕುವುದು, ಒಣಗಿಸುವುದು, ಪ್ಲಾಸ್ಟಿಕ್ ತೊಟ್ಟೆಗೆ ಮಣ್ಣು ತುಂಬಿಸುವುದು, ಹುಳ ಬಂದ ಗೆಲ್ಲಿಗೆ ಹಕ್ಕಿ ಹೆಕ್ಕದ ಹಾಗೆ ಹಳೆಯ ಸೊಳ್ಳೆಪರದೆ ಕಟ್ಟುವುದು ನನ್ನ ಕೆಲಸ. ಬೀಡಿಗಿಂತ ಎಷ್ಟೋ ಸುಖ. ಬೆನ್ನು ಮಾತ್ರ ಅದೇ ನೋವು.

ಈಗ ಬಳ್ಳಿಯ ವಿಷಯಕ್ಕೆ ಬರುತ್ತೇನೆ.

ಆ ವರ್ಷ ತೋಟಕ್ಕೆ ಒಂದು ದೊಡ್ಡ ಚಿಟ್ಟೆ ಬರಲು ಶುರುವಾಯಿತು. ಮೇಲಿನ ರೆಕ್ಕೆ ಕಪ್ಪು, ಕೆಳಗಿನದು ಅರಸಿನ, ಎರಡು ಅಂಗೈ ಜೋಡಿಸಿದಷ್ಟು ಅಗಲ. ಮಾಸ್ಟ್ರು ಹಕ್ಕಿರೆಕ್ಕೆ ಎನ್ನುತ್ತಿದ್ದರು, ಐಸಮ್ಮ ಮದುಮಗಳು ಎನ್ನುತ್ತಿದ್ದಳು. ಬಂದು ಬೇಲಿಯುದ್ದಕ್ಕೂ ಏನನ್ನೋ ಹುಡುಕಿ ಹುಡುಕಿ ಹೋಗುತ್ತಿತ್ತು.

"ಈಶ್ವರ ಬಳ್ಳಿ ಹುಡುಕುತ್ತಾ ಉಂಟು ಅದು" ಎಂದರು ಮಾಸ್ಟ್ರು. "ಬೇರೆ ಯಾವುದರಲ್ಲೂ ಮೊಟ್ಟೆ ಇಡುವುದಿಲ್ಲ. ನಾವು ಸಣ್ಣವರಿದ್ದಾಗ ಗುಡ್ಡೆ ತುಂಬ ಇತ್ತು. ಹಾವಿನ ಮದ್ದಿಗೆ ಅಂತ ಬೇರು ಕಿತ್ತೇ ಮುಗಿಸಿದರು. ನಿಮಗೆಲ್ಲಾದರೂ ಕಂಡರೆ ಹೇಳಿ ವಾರಿಜಕ್ಕ."

ನಾನು ಆ ಬಳ್ಳಿಯನ್ನು ಸಣ್ಣವಳಿದ್ದಾಗ ಅಜ್ಜಿಯ ಜೊತೆ ನೋಡಿದ್ದೆ. ಕಾಣದೆ ವರ್ಷಗಳಾಗಿದ್ದವು. ಆ ಮೇ ತಿಂಗಳು ಮಡಂತ್ಯಾರಿನ ಕಡೆ ಒಂದು ಮದುವೆಗೆ ಹೋಗಿದ್ದೆ. ಹಾಲ್‌ನ ಬಾಗಿಲ ಚಪ್ಪರದ ಮೇಲೆ ದಟ್ಟವಾದ ಬಳ್ಳಿ. ಎಲೆ ತಿಕ್ಕಿ ಮೂಸಿದೆ. ಅದೇ ಕಟು ವಾಸನೆ. ಅಲ್ಲಿದ್ದವರನ್ನು ಕೇಳಬೇಕಿತ್ತು. ಗುರುತಿಲ್ಲದ ಗಂಡಸರ ಹತ್ತಿರ ಹೋಗಿ ಕೇಳಲು ನನ್ನಿಂದಾಗಲಿಲ್ಲ. ಯಾರೂ ನೋಡದಾಗ ಎರಡು ಗೆಲ್ಲು ಮುರಿದು ಸೆರಗಿನಲ್ಲಿ ಸುತ್ತಿಕೊಂಡು ಬಂದೆ.

ಮರುದಿನ ಮಾಸ್ಟ್ರಿಗೆ ತುಂಬ ಸಂತೋಷ. "ಎಲ್ಲಿ ಸಿಕ್ಕಿತು?" ಎಂದರು.

ಕದ್ದು ತಂದದ್ದು ಎಂದು ಹೇಗೆ ಹೇಳುವುದು? "ನಮ್ಮ ಮನೆ ಹಿಂದಿನ ಗುಡ್ಡೆಯಲ್ಲಿ" ಎಂದುಬಿಟ್ಟೆ.

ಇಷ್ಟೇ. ನಾನು ಹೇಳಿದ ಸುಳ್ಳು ಅದೊಂದೇ ಮಾತು. ಗುಡ್ಡೆಯದ್ದು ಎಂದ ಮೇಲೆ ಅವರು ಮತ್ತೆ ಪರೀಕ್ಷೆ ಮಾಡಲಿಲ್ಲ.

ಒಂದು ಮಳೆಗಾಲದಲ್ಲಿ ಬಳ್ಳಿ ತೋಟದ ಮೂಲೆಯ ಚಪ್ಪರವನ್ನೆಲ್ಲ ಮುಚ್ಚಿತು. ಮಳೆ ಬಿಟ್ಟ ಮೇಲೆ ಮದುಮಗಳು ಬಂದಳು. ಒಂದಲ್ಲ, ಮೂರು. ಎಲೆಯಡಿಗೆ ಕೇಸರಿ ಬಣ್ಣದ ಮೊಟ್ಟೆ ಅಂಟಿಸಿ ಹೋದವು. ಮಾಸ್ಟ್ರು ಮಕ್ಕಳ ಹಾಗೆ ಓಡಾಡಿದರು. ನಾನು ದಿನಾ ಬೆಳಿಗ್ಗೆ ಮೊದಲು ಅಲ್ಲಿಗೇ ಹೋಗುತ್ತಿದ್ದೆ.

ಮೊಟ್ಟೆ ಒಡೆಯಿತು. ಹುಳ ಎಲೆ ತಿಂದವು. ಮೂರನೆಯ ದಿನ ಕಪ್ಪಾಗಿ ಮುದುಡಿ ಎಲೆಯಿಂದ ಜೋತುಬಿದ್ದವು. ಒಂದನ್ನು ಮುಟ್ಟಿದೆ, ಒಣಗಿದ ದಾರದ ಹಾಗೆ ಕೆಳಗೆ ಬಿತ್ತು. ಎಲ್ಲವನ್ನೂ ಒಂದು ತೆಂಗಿನ ಗೆರಟೆಯಲ್ಲಿ ಹಾಕಿ ಮಾಸ್ಟ್ರ ಮುಂದಿಟ್ಟೆ.

ಅವರು ಬೇಲಿಯಾಚೆ ನೋಡಿದರು. ಅಲ್ಲಿ ಸಿಸಿಲಿ ಬಾಯಿಯ ಮಲ್ಲಿಗೆ ಗಿಡಗಳಿದ್ದವು. ಗಂಡನಿಲ್ಲದ ಹೆಂಗಸು, ಮಲ್ಲಿಗೆ ಮೊಗ್ಗು ಕಟ್ಟಿ ಮೂಡುಬಿದಿರೆಗೆ ಕಳಿಸಿ ಬದುಕುವವಳು. ಮೊಗ್ಗಿಗೆ ಹುಳ ಬೀಳುತ್ತದೆಂದು ಮದ್ದು ಬಿಡುತ್ತಿದ್ದಳು.

ಸಮಿತಿಯವರು ಐದಾರು ಜನ ಅವಳ ಅಂಗಳಕ್ಕೆ ಹೋದರು. ನಾನು ಹಿಂದೆ ನಿಂತಿದ್ದೆ.

"ನನ್ನ ಮದ್ದು ನಿಮ್ಮ ಚಪ್ಪರಕ್ಕೆ ಹಾರಿಕೊಂಡು ಬರ್ತದಾ?" ಎಂದಳು ಸಿಸಿಲಿ ಬಾಯಿ. "ವಾರದಿಂದ ನಾನು ಪಂಪು ಮುಟ್ಟಲಿಲ್ಲ ಮಾರಾಯ್ರೆ!"

"ಮುಟ್ಟದೆ ಹುಳ ಸುಮ್ಮನೆ ಸಾಯ್ತದಾ ಬಾಯಮ್ಮ?" ಎಂದರು ಯಾರೋ.

"ಹುಳಕ್ಕೆ ಇಷ್ಟು ಜನ ಬಂದಿದ್ದೀರಿ. ನಾನು ಜ್ವರದಲ್ಲಿ ಬಿದ್ದಾಗ ಒಬ್ಬರೂ ಬರಲಿಲ್ಲ."

ಕೊನೆಗೆ ಮಾಸ್ಟ್ರು ಕೈಮುಗಿದು ಕೇಳಿದ್ದಕ್ಕೆ ಅವಳು ಒಪ್ಪಿದಳು. ಆ ಸೀಸನ್ನಿಗೆ ಮದ್ದು ಬಿಡಲಿಲ್ಲ. ಹುಳ ಬಿದ್ದು ಮೊಗ್ಗೆಲ್ಲ ಕೆಂಪಾಗಿ ಉದುರಿದವು. ಮದುವೆಯ ಕಾಲದಲ್ಲಿ ಅವಳ ಬುಟ್ಟಿ ಖಾಲಿ ಇತ್ತು.

ನಮ್ಮ ಬಳ್ಳಿಯ ಮೇಲೆ ಎರಡನೆಯ ಸಲ ಒಡೆದ ಹುಳಗಳೂ ಸತ್ತವು.

ಆಗ ನನಗೊಂದು ಸಂಗತಿ ಕಣ್ಣಿಗೆ ಬಿತ್ತು. ಸಿಸಿಲಿ ಬಾಯಿಯ ಬೇಲಿಗೆ ತಾಗಿಕೊಂಡು ನಮ್ಮ ಎಕ್ಕದ ಗಿಡಗಳಿದ್ದವು. ಅವುಗಳ ಮೇಲಿನ ಪಟ್ಟೆಪಟ್ಟೆ ಹುಳಗಳು ದಪ್ಪಗೆ, ಆರೋಗ್ಯವಾಗಿದ್ದವು. ಅವಳು ಮದ್ದು ಬಿಡುತ್ತಿದ್ದಾಗಲೂ ಹಾಗೇ ಇದ್ದವು. ಮದ್ದು ಹಾರಿ ಬಂದಿದ್ದರೆ ಮೊದಲು ಸಾಯಬೇಕಾದದ್ದು ಅವು. ಸತ್ತದ್ದು ನಾನು ತಂದ ಬಳ್ಳಿಯನ್ನು ತಿಂದವು ಮಾತ್ರ.

ಬಳ್ಳಿಯನ್ನು ಸರಿಯಾಗಿ ನೋಡಿದೆ. ಅದಕ್ಕೆ ಆಗ ಮೊದಲ ಹೂ ಬಂದಿತ್ತು. ಅಂಗೈಯಗಲ, ಕರುಳಿನ ಬಣ್ಣದ ಚುಕ್ಕಿ ಗೀಟು. ನಮ್ಮ ಈಶ್ವರ ಬಳ್ಳಿಯ ಹೂ ಹೆಬ್ಬೆರಳಿಗಿಂತ ದೊಡ್ಡದಿರುವುದಿಲ್ಲ. ನಮ್ಮದರ ಎಲೆ ಉದ್ದಕ್ಕೆ, ತುದಿ ಚೂಪು. ಇದರ ಎಲೆ ಗುಂಡಗೆ, ತುದಿ ಮೊಂಡು. ಎರಡೂ ಒಂದೇ ಕುಟುಂಬ, ಒಂದೇ ವಾಸನೆ. ಆದರೆ ಇದು ಹೊರದೇಶದಿಂದ ಅಂದಕ್ಕೆ ಬಂದದ್ದು ಎಂದು ಮಾಸ್ಟ್ರು ಆಮೇಲೆ ಹೇಳಿದರು. ತಾಯಿಗೆ ವಾಸನೆ ಸರಿಯೆನ್ನಿಸುತ್ತದೆ, ಮೊಟ್ಟೆ ಇಡುತ್ತದೆ. ಮರಿಗೆ ಅದರ ಎಲೆ ವಿಷ.

ಬಳ್ಳಿ ಬೇರೆಯದು, ಹುಳ ಸತ್ತದ್ದು ಅದರಿಂದಲೇ ಎಂದು ತಿಳಿದ ಮೇಲೂ ನಾನು ಎರಡು ತಿಂಗಳು ಸುಮ್ಮನಿದ್ದೆ. ಇದನ್ನು ಬರೆಯಲಿಕ್ಕೇ ಈ ಹಾಳೆಗಳು. ಬಳ್ಳಿ ತಪ್ಪು ಎಂದರೆ ಗುಡ್ಡೆ ಎಂದದ್ದು ಸುಳ್ಳು ಎಂದಾಗುತ್ತದೆ. ಸುಳ್ಳು ಎಂದರೆ ಕಳವು ಹೊರಬೀಳುತ್ತದೆ. ಕೆಲಸ ಹೋದರೆ ಮತ್ತೆ ಬೀಡಿ. ದಿನಾ ಬೆಳಿಗ್ಗೆ ಮಾಸ್ಟ್ರು ಬರುವ ಮೊದಲು ಎಲೆ ತಿರುಗಿಸಿ ತಿರುಗಿಸಿ ಮೊಟ್ಟೆ ತೆಗೆದು ಹಾಕುತ್ತಿದ್ದೆ. ಹುಟ್ಟಿ ಸಾಯುವುದಕ್ಕಿಂತ ಹುಟ್ಟದಿರಲಿ ಎಂದು. ಬೇಲಿಯಾಚೆ ಸಿಸಿಲಿ ಬಾಯಿ ಕೆಂಪು ಮೊಗ್ಗು ಗುಡಿಸುವ ಸದ್ದು ಕೇಳುತ್ತಿತ್ತು.

ಒಂದು ದಿನ ಐಸಮ್ಮ ನನ್ನನ್ನು ಹಿಡಿದಳು. "ಎಂತ ವಾರಿಜಕ್ಕ, ಕಳ್ಳರ ಹಾಗೆ ಬಳ್ಳಿಯಲ್ಲಿ ಎಂತ ಹುಡುಕುವುದು?"

ಅಳು ಬಂತು. ಎಲ್ಲ ಹೇಳಿದೆ.

ಅವಳು ಪೈಪು ಕೆಳಗಿಟ್ಟಳು. ಅವಳು ಮಾತಾಡದೆ ನಿಂತದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಮತ್ತೆ, "ನಾಳೆ ನೀವು ಹೇಳ್ತೀರಿ. ಇಲ್ಲದಿದ್ರೆ ನಾಡಿದ್ದು ನಾನು ಹೇಳ್ತೇನೆ. ನನ್ನ ಬಾಯಿ ನಿಮಗೆ ಗೊತ್ತುಂಟಲ್ಲ? ಒಂದಕ್ಕೆ ಹತ್ತು ಸೇರಿಸಿ ಹೇಳ್ತೇನೆ" ಎಂದಳು.

ಮರುದಿನ ಮಾಸ್ಟ್ರಿಗೆ ಹೇಳಿದೆ. ಅವರು ಬೈಯಲಿಲ್ಲ. ಬೈದಿದ್ದರೆ ಸುಲಭವಿತ್ತು. ಕನ್ನಡಕ ತೆಗೆದು ಒರೆಸಿದರು. "ಹೂ ಬರುವವರೆಗಾದರೂ ನಾನು ಕಾಯಬೇಕಿತ್ತು. ಮೂವತ್ತು ವರ್ಷ ಮಕ್ಕಳಿಗೆ ಪಾಠ ಮಾಡಿದವನು ನಾನು" ಎಂದರು. ಮತ್ತೆ, "ನಡೀರಿ, ಬಾಯಮ್ಮನ ಮನೆಗೆ ಹೋಗುವ" ಎಂದರು.

ಸಿಸಿಲಿ ಬಾಯಿ ಜಗಲಿಯಲ್ಲಿ ಹಲಸಿನ ಬೀಜ ಸುಲಿಯುತ್ತಿದ್ದಳು. ನಾನು ಮೆಟ್ಟಿಲ ಕೆಳಗೆ ನಿಂತೆ. ಮಾಸ್ಟ್ರು ನನ್ನ ಪರವಾಗಿ ಹೇಳುತ್ತಾರೆ ಎಂದುಕೊಂಡಿದ್ದೆ. ಅವರು ಹೇಳಲಿಲ್ಲ. ಕೊನೆಗೆ, "ಬಾಯಮ್ಮ, ಹುಳ ಸತ್ತದ್ದು ನಿಮ್ಮ ಮದ್ದಿನಿಂದಲ್ಲ. ನಾನು ತಂದ ಬಳ್ಳಿಯಿಂದ" ಎಂದೆ.

ಅವಳು ಚೂರಿ ಕೆಳಗಿಟ್ಟಳು. "ಯಾವಾಗ ಗೊತ್ತಾಯ್ತು?"

"ಎರಡು ತಿಂಗಳಾಯ್ತು."

"ಎರಡು ತಿಂಗಳು!" ಎಂದಳು. ನಾನು ಅಳಲು ಶುರು ಮಾಡಿದೆ. ಅವಳು ಕೇಳಿದಳು: "ಆ ಬಳ್ಳಿ ಕಡಿದಿರಾ?"

"ಇಲ್ಲ."

"ಇನ್ನೂ ಉಂಟಾ? ಮೊದಲು ಹೋಗಿ ಕಡೀರಿ. ಅಳುವುದು ಮತ್ತೆ."

ಅವಳೇ ಕತ್ತಿ ತಂದು ಕೈಗೆ ಕೊಟ್ಟಳು. ಬುಡ ಕಡಿದು, ಬೇರು ಅಗೆದು, ಒಣಗಿಸಿ ಸುಟ್ಟೆವು. ಒಂದು ತುಂಡು ಬೇರು ಉಳಿದರೂ ಮತ್ತೆ ಚಿಗುರುತ್ತದೆ, ದೀಕ್ಷಾ, ನೆನಪಿಟ್ಟುಕೋ. ಮುಂದಿನ ಭಾನುವಾರ ಮಾಸ್ಟ್ರು ಸಮಿತಿಯವರನ್ನೆಲ್ಲ ಕರೆದುಕೊಂಡು ಹೋಗಿ ಸಿಸಿಲಿ ಬಾಯಿಯ ಅಂಗಳದಲ್ಲೇ ತಪ್ಪಾಯಿತು ಎಂದರು. ಆ ಮೇಲೆ ಎಷ್ಟೋ ದಿನ ನಾನು ಬೆಳಿಗ್ಗೆ ಕೆಲಸಕ್ಕೆ ಮೊದಲು ಹೋಗಿ ಅವಳ ಮೊಗ್ಗು ಬಿಡಿಸಿ ಕೊಡುತ್ತಿದ್ದೆ. ಅವಳು ಬೇಡ ಎನ್ನಲೂ ಇಲ್ಲ, ಉಪಕಾರ ಎನ್ನಲೂ ಇಲ್ಲ.

ಈಗ ಸರಿಯಾದ ಬಳ್ಳಿ ಬೇಕಾಯಿತು. ನನಗೆ ಗೊತ್ತಿದ್ದದ್ದು ಒಂದೇ ಜಾಗ. ನಾರಾವಿಯಲ್ಲಿ ನನ್ನ ತಾಯಿಯ ಕಡೆಯ ಅಜ್ಜಿ ಗದ್ದೆಯಲ್ಲಿ ನೇಜಿ ನೆಡಲು ಹೋಗುತ್ತಿದ್ದ ಜೈನರ ಮನೆಯ ನಾಗಬನ. ಸಣ್ಣವಳಿದ್ದಾಗ ಬಳ್ಳಿ ನೋಡಿದ್ದು ಅಲ್ಲೇ; ಬನದ್ದನ್ನು ಮುಟ್ಟಬಾರದೆಂದು ಮೊದಲು ಅದರ ಯೋಚನೆ ಮಾಡಿರಲಿಲ್ಲ. ಬನದಲ್ಲಿ ಯಾರೂ ಕತ್ತಿಯಾಡಿಸುವುದಿಲ್ಲವಾದ್ದರಿಂದ ಹಳೆಯ ಬಳ್ಳಿ ಅಲ್ಲಿ ಉಳಿದಿರುತ್ತದೆ ಎಂದು ನನ್ನ ಲೆಕ್ಕ. ಉಳಿದಿತ್ತು. ನಡುವಿನ ಮರವೊಂದನ್ನು ಸುತ್ತಿಕೊಂಡು ಎತ್ತರಕ್ಕೆ ಹೋಗಿತ್ತು, ಕಾಯಿ ತುಂಬ.

ಆ ಮನೆಯ ಅಮ್ಮನಿಗೆ ಆಗಲೇ ಎಂಬತ್ತರ ಹತ್ತಿರ. "ಬನದ ಒಂದು ಕಡ್ಡಿ ಮುರೀಲಿಕ್ಕಿಲ್ಲ. ಗೊತ್ತುಂಟಲ್ಲ ವಾರಿಜಾ?" ಎಂದರು.

"ಗೊತ್ತುಂಟು ಅಮ್ಮ. ನಾನು ಒಳಗೆ ಕಾಲೇ ಇಡುವುದಿಲ್ಲ. ಗಾಳಿಗೆ ಹಾರಿ ಎಲ್ಲೆಗಲ್ಲಿನ ಈಚೆ ಬಿದ್ದ ಬೀಜವನ್ನು ಹೆಕ್ಕಬಹುದಾ?"

ಅಮ್ಮ ಯೋಚನೆ ಮಾಡಿದರು. "ಈಚೆ ಬಿದ್ದದ್ದು ಗಾಳಿ ಕೊಟ್ಟದ್ದು. ಬೇಡ ಅನ್ಲಿಕ್ಕೆ ನಾನ್ಯಾರು? ಆದರೆ ಬಳ್ಳಿ ಅಲ್ಲಾಡಿಸಿದರೆ ನೋಡು. ಮತ್ತೆ, ತಲೆಗೆ ಮುಂಡಾಸು ಕಟ್ಟಿಕೋ. ಬಿಸಿಲಿಗೆ ನೀನು ಬಿದ್ದರೆ ಅದೂ ನನ್ನ ಮೇಲೆ ಬರುವುದು ಬೇಡ."

ಈ ಬಳ್ಳಿಯ ಕಾಯಿ ಒಣಗಿದಾಗ ಕೆಳಗಿನಿಂದ ಬಿರಿದು, ತೂಗುಬುಟ್ಟಿಯ ಹಾಗೆ ನೇತಾಡುತ್ತದೆ. ಒಳಗೆ ತೆಳ್ಳಗಿನ ಬೀಜ, ಸುತ್ತ ಕಾಗದದಂಥ ರೆಕ್ಕೆ. ಗಾಳಿ ಬಂದರೆ ಮಾತ್ರ ಹಾರುತ್ತದೆ. ನಾನು ನಿಮ್ಮ ಅಜ್ಜನ ಹಳೆಯ ಬಿಳಿ ಮುಂಡನ್ನು ಬನದ ಎಲ್ಲೆಗಲ್ಲಿನಿಂದ ಒಂದು ಮಾರು ದೂರಕ್ಕೆ, ಗಾಳಿ ಹೋಗುವ ದಿಕ್ಕಿಗೆ ಹಾಸಿ ಕುಳಿತೆ. ಮೊದಲ ದಿನ ಎಲೆ ಅಲ್ಲಾಡಲಿಲ್ಲ. ಎರಡನೆಯ ದಿನ ಬಿದ್ದದ್ದೆಲ್ಲ ಕಲ್ಲಿನ ಆಚೆ. ಕೈ ಚಾಚಿದರೆ ಸಿಗುವಷ್ಟು ಹತ್ತಿರ ಒಂದು ಬೀಜ ಕಲ್ಲಿನ ಮೇಲೇ ನಿಂತಿತ್ತು. ಯಾರೂ ನೋಡುತ್ತಿರಲಿಲ್ಲ. ಹಾಲ್‌ನ ಚಪ್ಪರದ ಕೆಳಗೂ ಯಾರೂ ನೋಡುತ್ತಿರಲಿಲ್ಲವಲ್ಲ ಎಂದು ನೆನಪಾಯಿತು. ಕೈ ಹಿಂದೆ ತೆಗೆದೆ. ಮೂರನೆಯ ದಿನ ಮಧ್ಯಾಹ್ನ ಗಾಳಿ ಎದ್ದಿತು. ಮುಂಡಿನ ಮೇಲೆ ಹನ್ನೊಂದು ಬೀಜ ಬಂದು ಕೂತವು.

ಪ್ರಣಮ್, ಆಗ ನೀನು ತೊಟ್ಟಿಲಲ್ಲಿದ್ದೆ. ನಾನು ಬೀಜ ತಂದ ವಾರವೇ ನಿನ್ನ ಮೈತುಂಬ ಕೆಂಪು ಗುಳ್ಳೆ ಎದ್ದವು. ನಾಗನ ಜಾಗದಿಂದ ತಂದದ್ದಕ್ಕೆ ಮಗುವಿನ ಚರ್ಮಕ್ಕೆ ಬಂತು ಎಂದು ನನ್ನ ಜೀವ ಹಾರಿಹೋಯಿತು. ಬೀಜವನ್ನು ಹಿಂದಕ್ಕೆ ಒಯ್ದು ಹಾಕಿ ಬರುತ್ತೇನೆಂದು ಹೊರಟವಳನ್ನು ನಿಮ್ಮ ಅಮ್ಮ ತಡೆದು, ನಿನ್ನನ್ನೆತ್ತಿಕೊಂಡು ಡಾಕ್ಟರ ಹತ್ತಿರ ಹೋದಳು. ಸೆಕೆಗೆ ಬಂದ ಬೆವರುಸಾಲೆ, ಬಟ್ಟೆ ಕಡಿಮೆ ಹಾಕಿ ಎಂದರಂತೆ. ಆದರೂ ನಾನು ಹೋಗಿ ಬನದ ಹೊರಗೆ ನಿಂತು ಹಾಲು, ಎಳನೀರು ಒಪ್ಪಿಸಿ ಬಂದೆ. ನೀನು ನಗಬಹುದು. ಆ ದಿನಗಳು ನನಗೆ ಹೇಗೆ ಕಳೆದವು ಎಂದು ನನಗೇ ಗೊತ್ತು.

ಹನ್ನೊಂದರಲ್ಲಿ ನಾಲ್ಕು ಮೊಳೆತವು. ಒಂದನ್ನು ಬಸವನಹುಳ ತಿಂದಿತು. ಉಳಿದ ಮೂರನ್ನು ತೋಟದ ಬಾವಿಯ ಹಿಂದೆ, ಅರೆ ನೆರಳಿನಲ್ಲಿ ನೆಟ್ಟೆ. ಬಹಳ ನಿಧಾನ ಅವು. ಮದುಮಗಳು ಮತ್ತೆ ಬಂದು ಮೊಟ್ಟೆ ಇಡಲು ಎರಡು ಮಳೆಗಾಲ ಕಾಯಬೇಕಾಯಿತು. ಮೊಟ್ಟೆ ಒಡೆದ ಮೂರನೆಯ ದಿನ ಬೆಳಿಗ್ಗೆ ನನಗೆ ಹತ್ತಿರ ಹೋಗಲು ಧೈರ್ಯವಾಗಲಿಲ್ಲ. ಐಸಮ್ಮ ಹೋಗಿ ಎಲೆ ತಿರುಗಿಸಿದಳು.

"ವಾರಿಜಕ್ಕ, ನಿಮ್ಮ ಮಕ್ಕಳು ತಿಂತಾ ಉಂಟು. ಊಟದ ನಡುವೆ ಎಬ್ಬಿಸಿದ್ದಕ್ಕೆ ನನ್ನನ್ನು ಬೈತಾ ಉಂಟು."

ಮೊದಲ ಚಿಟ್ಟೆ ಗೂಡಿನಿಂದ ಹೊರಬಂದ ದಿನ ಸಿಸಿಲಿ ಬಾಯಿಯನ್ನು ನಾನೇ ಹೋಗಿ ಕರೆದೆ. ಅವಳು ಬೇಲಿಯ ಬಳಿ ನಿಂತು ರೆಕ್ಕೆ ಒಣಗುವವರೆಗೂ ನೋಡಿದಳು. "ಇದಕ್ಕಾ ನನ್ನ ಮಲ್ಲಿಗೆ ಹೋದದ್ದು?" ಎಂದಳು. ಮನೆ ಕಡೆ ಹೊರಟವಳು ತಿರುಗಿ, "ಚಂದ ಉಂಟು" ಎಂದಳು.

ಮಾಸ್ಟ್ರು ಈಗಿಲ್ಲ. ಐಸಮ್ಮ ಮಗಳ ಮನೆಗೆ ಹೋದಳು. ಕಾರ್ಯದರ್ಶಿ ಹೊಸಬರು, ಒಳ್ಳೆಯವರು. ಸೋಮವಾರ ಧೈರ್ಯ ಮಾಡಿ ಅವರಿಗೆ ಫೋನ್ ಮಾಡಿದೆ. "ಗೇಟಿನ ಬಳ್ಳಿ..." ಎಂದೆ. "ಚಂದ ಬಂದಿದೆ ಅಲ್ವಾ ವಾರಿಜಮ್ಮ? ಫೋಟೊ ತೆಗೀಲಿಕ್ಕೇ ಜನ ಬರ್ತಾರೆ. ಅದೂ ಈಶ್ವರ ಬಳ್ಳಿಯೇ ಅಂತೆ, ಚಿಟ್ಟೆಗೆ ಒಳ್ಳೇದು" ಎಂದರು. ನಾನು "ಹೌದು" ಎಂದು ಫೋನ್ ಇಟ್ಟೆ. ಹೌದು ಎಂದೆ! ಈ ವಯಸ್ಸಿನಲ್ಲೂ ನನ್ನ ಬಾಯಿ ಹಾಗೇ ಉಂಟು.

ಬಾವಿಯ ಹಿಂದಿನ ನಮ್ಮ ಬಳ್ಳಿ ನೆರಳಿನಲ್ಲಿದೆ. ಗೇಟಿನದ್ದು ಬಿಸಿಲಿನಲ್ಲಿ, ದಟ್ಟವಾಗಿ, ಎದುರಿಗೇ ಇದೆ. ತಾಯಿ ಮೊದಲು ಎಲ್ಲಿಗೆ ಹೋಗುತ್ತಾಳೆ ಹೇಳಿ. ಮಳೆ ಬಿಟ್ಟ ಮೇಲೆ ಹುಳ ಸಾಯುತ್ತವೆ, ಆಗ ಎಲ್ಲರೂ ಬೇಲಿಯಾಚೆ ನೋಡುತ್ತಾರೆ. ಬೇಲಿಯಾಚೆ ಈಗ ಸಿಸಿಲಿ ಬಾಯಿಯ ಸೊಸೆ ಮಲ್ಲಿಗೆ ಮಾಡುತ್ತಿದ್ದಾಳೆ.

ಅದಕ್ಕೆ ದೀಕ್ಷಾ, ಮೊದಲ ದಿನ ಹೋದ ಕೂಡಲೇ ಗೇಟಿನಲ್ಲೇ ನಿಲ್ಲು. ಹೂ ನೋಡು, ಎಲೆಯ ತುದಿ ನೋಡು. ಕಾರ್ಯದರ್ಶಿಯವರಿಗೆ ಈ ಹಾಳೆಗಳನ್ನು ಕೊಡು, ಓದಲಿ. ನಾನೂ ನಿನ್ನ ಜೊತೆ ಬರುತ್ತೇನೆ. ಮಾತಾಡುತ್ತೇನೆ ಎಂದು ಮಾತು ಕೊಡಲಾರೆ, ಆದರೆ ಪಕ್ಕದಲ್ಲಿ ನಿಲ್ಲುತ್ತೇನೆ. ಕತ್ತಿಯನ್ನು ಚೀಲದಲ್ಲಿ ಇಟ್ಟುಕೊಂಡಿದ್ದೇನೆ.

ಕೊನೆಯ ಹಾಳೆಯ ಮಡಿಕೆಯಲ್ಲಿ ಬೀಜ ಇಟ್ಟಿದ್ದೇನೆ. ಈ ಬೇಸಿಗೆಯಲ್ಲಿ ಬಾವಿಯ ಹಿಂದಿನ ಬಳ್ಳಿಯಿಂದ ಹಾರಿ ಬಿದ್ದವು, ನಾನು ಹೆಕ್ಕಿದ್ದು. ಅವನ್ನು ಇಟ್ಟುಕೊಳ್ಳಬೇಡಿ, ಹಳೆಯದಾದರೆ ಮೊಳೆಯುವುದಿಲ್ಲ. ಮೊದಲ ಮಳೆಗೆ ಬಿತ್ತಿಬಿಡಿ.

ಹಾಳೆಗಳನ್ನು ಮಾತ್ರ ಜೋಪಾನ ಮಾಡಿ. ಪ್ರಣಮ್, ನಿನ್ನ ಸರ್ಟಿಫಿಕೇಟುಗಳ ಜೊತೆಗೇ ಇಡು, ಗೆದ್ದಲು ಹಿಡಿಯದ ಹಾಗೆ. ನಾನಿಲ್ಲದಾಗಲೂ ಒಮ್ಮೆ ಆ ತೋಟದಲ್ಲಿ ಹುಳ ಸತ್ತರೆ, ಪಕ್ಕದ ಮನೆಯ ಅಂಗಳಕ್ಕೆ ಹೊರಡುವ ಮೊದಲು ಯಾರಾದರೊಬ್ಬರು ಇವನ್ನು ತೆಗೆದು ಓದಬೇಕು.